ಸಂಘದ ಕರಪತ್ರ, ಮನವಿ, ವಾಟ್ಸಾಪ್ ಸಂದೇಶ: ಬರವಣಿಗೆಗೆ ನಿಯಮ ಮಾಡಿಕೊಳ್ಳುವುದು ಹೇಗೆ?

ಹಾಸನ, ಚಿಕ್ಕಮಗಳೂರು ಕಡೆಯ ಕಾರ್ಮಿಕ ಸಂಘಗಳಿಂದ ಪದೇ ಪದೇ ಬರುವ ಪ್ರಶ್ನೆ ಒಂದೇ. "ಕರಪತ್ರದಲ್ಲಿ ಒಂದು ಥರ ಬರೀತೀವಿ, ಮನವಿಯಲ್ಲಿ ಇನ್ನೊಂದು ಥರ, ಗ್ರೂಪಿನಲ್ಲಿ ಮತ್ತೊಂದು ಥರ. ಇದನ್ನು ಒಂದು ದಾರಿಗೆ ತರೋದು ಹೇಗೆ?" ಕೇಳುವವರಲ್ಲಿ ಕಾಫಿ ತೋಟದ ಸಂಘದವರಿದ್ದಾರೆ, ಗಾರ್ಮೆಂಟ್ಸ್ ಕಾರ್ಖಾನೆಯವರಿದ್ದಾರೆ, ಅಂಗನವಾಡಿಯವರೂ ಇದ್ದಾರೆ. ಎಲ್ಲರಿಗೂ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ.

ಸಂಘದ ಒಂದೇ ಹಾಳೆ ಮೂರು ಥರದವರ ಕೈಗೆ ಹೋಗುತ್ತದೆ. ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಜಗುಲಿಯಲ್ಲಿ ಯಾರೋ ಓದಿ ಹೇಳಿದ್ದನ್ನು ಕೇಳಿಸಿಕೊಳ್ಳುವ ಸದಸ್ಯರು ಒಬ್ಬರು. ಅದಕ್ಕೆ ಸೀಲು ಹಾಕಿ ಫೈಲಿಗೆ ಸೇರಿಸುವ ಕಾರ್ಮಿಕ ಇಲಾಖೆಯವರು ಇನ್ನೊಬ್ಬರು. ಎರಡು ವರ್ಷ ಬಿಟ್ಟು ಅದೇ ಹಾಳೆ ಹಿಡಿದು "ನೀವೇ ಹೀಗೆ ಬರೆದಿದ್ದೀರಲ್ಲ" ಎನ್ನುವ ಎದುರು ಪಕ್ಷದ ವಕೀಲರು ಮೂರನೆಯವರು. ಮೊದಲ ಇಬ್ಬರು ಸಣ್ಣಪುಟ್ಟ ತಪ್ಪನ್ನು ಮನ್ನಿಸುತ್ತಾರೆ. ಮೂರನೆಯವರು ಮನ್ನಿಸುವುದಿಲ್ಲ. ಬರವಣಿಗೆಗೆ ನಿಯಮ ಬೇಕಿರುವುದು ಮುಖ್ಯವಾಗಿ ಅವರ ಸಲುವಾಗಿ. ಅಂದ ಚಂದ ಆಮೇಲೆ ನೋಡೋಣ.

ಏನೇನು ಬೇಕು

ಜಾಸ್ತಿ ಏನಿಲ್ಲ. ಕಳೆದ ಒಂದೆರಡು ವರ್ಷದ ನಿಮ್ಮದೇ ಕಾಗದಗಳು: ಕರಪತ್ರ, ಬೇಡಿಕೆ ಪಟ್ಟಿ, ಪತ್ರಿಕಾ ಪ್ರಕಟಣೆ, ನಡಾವಳಿ ಪುಸ್ತಕ (ಸಭೆಯಲ್ಲಿ ಆದದ್ದನ್ನು ಬರೆದಿಡುವ ಪುಸ್ತಕ), ಗ್ರೂಪಿನ ಮುಖ್ಯ ಸಂದೇಶಗಳು. ಸಂಘದ ನೋಂದಣಿ ಪ್ರಮಾಣಪತ್ರ. ಒಂದು ನೋಟ್‌ಬುಕ್. ಜೊತೆಗೆ ಮೂರು ಜನ. ಒಬ್ಬರು ಬರೆಯುವವರು, ಒಬ್ಬರು ಲೆಕ್ಕ ಗೊತ್ತಿರುವವರು, ಒಬ್ಬರು ಕೆಲಸದ ಜಾಗದಲ್ಲಿ ದಿನಾ ದುಡಿಯುವವರು. ಮೂರನೆಯವರನ್ನು ಬಿಟ್ಟರೆ ನಿಯಮ ಕಚೇರಿ ಕನ್ನಡದಲ್ಲಿ ಮುಳುಗಿಹೋಗುತ್ತದೆ.

ಹಂತ 1: ಹಳೆ ಕಾಗದಗಳಲ್ಲಿ ಕೆಂಪು ಗುರುತು ಹಾಕಿ

ಎಲ್ಲವನ್ನೂ ಮೇಜಿನ ಮೇಲೆ ಹರಡಿ. ಒಂದೇ ವಿಷಯಕ್ಕೆ ಎರಡು ಹೆಸರು ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಗೆರೆ ಎಳೆಯಿರಿ. "ಆಡಳಿತ ಮಂಡಳಿ", "ಮಾಲೀಕರು", "ಧಣಿಗಳು", "ಕಂಪನಿಯವರು" ಇವು ನಾಲ್ಕೂ ಒಂದೇ ಪತ್ರದಲ್ಲಿ ಕಾಣಿಸಿದರೆ ಆಶ್ಚರ್ಯ ಪಡಬೇಡಿ. ನಿಮ್ಮ ನಿಯಮದ ಪಟ್ಟಿ ಇಲ್ಲಿಂದಲೇ ಹುಟ್ಟಬೇಕು. ಬೇರೆ ಸಂಘದ ಪಟ್ಟಿಯನ್ನು ಹಾಗೇ ತಂದು ಅಂಟಿಸಿದರೆ ಯಾರೂ ಬಳಸುವುದಿಲ್ಲ.

ಹಂತ 2: ಹೆಸರುಗಳನ್ನು ಒಂದೇ ರೂಪಕ್ಕೆ ತನ್ನಿ

ಮೊದಲು ಸಂಘದ ಹೆಸರು. ನೋಂದಣಿ ಪ್ರಮಾಣಪತ್ರದಲ್ಲಿ ಹೇಗಿದೆಯೋ ಹಾಗೇ, ಅಕ್ಷರ ಬಿಡದೆ. ಪತ್ರದ ಮೊದಲ ಸಾಲಿನಲ್ಲಿ ಪೂರ್ತಿ ಹೆಸರು, ನೋಂದಣಿ ಸಂಖ್ಯೆ. ಆಮೇಲೆ ಪತ್ರದುದ್ದಕ್ಕೂ "ಸಂಘ" ಸಾಕು. ಒಮ್ಮೆ "ಸಂಘ", ಒಮ್ಮೆ "ಯೂನಿಯನ್", ಒಮ್ಮೆ "ಸಂಘಟನೆ" ಎಂದರೆ ಮೂರು ಬೇರೆ ಬೇರೆ ಇದ್ದಂತೆ ಕಾಣುತ್ತದೆ. ಒಂದೇ ತೋಟದಲ್ಲಿ ಎರಡು ಸಂಘ ಇರುವ ಕಡೆ ಈ ಗೊಂದಲ ನಿಜಕ್ಕೂ ತೊಂದರೆ ಕೊಡುತ್ತದೆ.

ದೇಶದ ಮಟ್ಟದ ಕಾರ್ಮಿಕ ಸಂಘಟನೆಗಳ ಹೆಸರನ್ನು ಚುಕ್ಕಿ ಇಲ್ಲದೆ ಬರೆಯುವುದು ಈಗ ರೂಢಿ: ಎಐಟಿಯುಸಿ, ಸಿಐಟಿಯು, ಐಎನ್‌ಟಿಯುಸಿ, ಬಿಎಂಎಸ್. ಚುಕ್ಕಿ ಹಾಕಿದರೂ ತಪ್ಪಿಲ್ಲ. ಎಲ್ಲ ಕಡೆ ಒಂದೇ ಥರ ಇರಲಿ ಅಷ್ಟೇ.

ಊರಿನ ಹೆಸರುಗಳಿಗೆ ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ಚಿಕ್ಕಮಗಳೂರು ಎನ್ನುವುದನ್ನು "ಚಿಕ್ಕಮಂಗಳೂರು" ಎಂದು ಬರೆಯುವವರು ಈಗಲೂ ಇದ್ದಾರೆ, ಅದೂ ಜಿಲ್ಲಾಧಿಕಾರಿಗೆ ಕೊಡುವ ಮನವಿಯಲ್ಲಿ! ಸಕಲೇಶಪುರ, ಅರಸೀಕೆರೆ, ಹೊಳೆನರಸೀಪುರ, ಚನ್ನರಾಯಪಟ್ಟಣ, ಮೂಡಿಗೆರೆ, ಶೃಂಗೇರಿ, ತರೀಕೆರೆ. ನರಸಿಂಹರಾಜಪುರವನ್ನು ಜನ ಎನ್.ಆರ್. ಪುರ ಎನ್ನುತ್ತಾರೆ. ಕರಪತ್ರದಲ್ಲಿ ಹಾಗೇ ಬರೆಯಿರಿ, ಅರ್ಜಿಯಲ್ಲಿ ಮಾತ್ರ ಪೂರ್ತಿ ಹೆಸರು.

ತೋಟದ ಹೆಸರಿನ ವಿಷಯದಲ್ಲಿ ಇನ್ನೊಂದು ಎಚ್ಚರ. ಜನ ಕರೆಯುವ ಹೆಸರೇ ಬೇರೆ, ದಾಖಲೆಯಲ್ಲಿರುವ ಹೆಸರೇ ಬೇರೆ ಆಗಿರುತ್ತದೆ. ಒಂದೇ ಎಸ್ಟೇಟಿಗೆ ಮೂರ್ನಾಲ್ಕು ಡಿವಿಷನ್‌ಗಳೂ ಇರಬಹುದು. ಕೂಲಿ ಚೀಟಿಯಲ್ಲೋ ಪಿಎಫ್ ದಾಖಲೆಯಲ್ಲೋ ಇರುವ ಹೆಸರನ್ನು ಮೊದಲು ಬರೆದು, ಜನ ಕರೆಯುವ ಹೆಸರನ್ನು ಕಂಸದಲ್ಲಿ ಕೊಡಿ.

ಅಧಿಕಾರಿಗೆ ಬರೆಯುವಾಗ ವ್ಯಕ್ತಿಯ ಹೆಸರು ಬೇಡ, ಹುದ್ದೆ ಬರೆಯಿರಿ. "ಕಾರ್ಮಿಕ ಅಧಿಕಾರಿಗಳು, ಹಾಸನ" ಎಂದಿದ್ದರೆ ಅವರು ವರ್ಗವಾಗಿ ಹೋದರೂ ಪತ್ರ ಅಲ್ಲೇ ಇರುತ್ತದೆ.

ಹಂತ 3: ಜನರನ್ನು ಏನೆಂದು ಕರೆಯುತ್ತೀರಿ?

ಇದಕ್ಕೆ ಒಂದು ಸಂಜೆ ಪೂರ್ತಿ ಕೊಡಿ. ಜಗಳ ಆಗುತ್ತೆ, ಆಗಲಿ.

"ಕೂಲಿ" ಎನ್ನುವುದನ್ನು ಹಣಕ್ಕೆ ಮಾತ್ರ ಬಳಸಿ: ಕನಿಷ್ಠ ಕೂಲಿ, ದಿನಗೂಲಿ, ಬಾಕಿ ಕೂಲಿ. ಮನುಷ್ಯರಿಗೆ "ಕಾರ್ಮಿಕರು". ತೋಟದಲ್ಲಿ "ಹೆಣ್ಣಾಳು, ಗಂಡಾಳು" ಎಂಬ ಮಾತು ದಿನಾ ಕೇಳುತ್ತೀರಿ. ನಮ್ಮವರೇ ಹಾಗೆ ಹೇಳಿಕೊಳ್ಳುತ್ತಾರೆ. ಸಂಘದ ಕಾಗದಕ್ಕೆ ಮಾತ್ರ ಅದು ಬೇಡ. ಹೆಣ್ಣಾಳಿಗೆ ಇಷ್ಟು, ಗಂಡಾಳಿಗೆ ಇಷ್ಟು ಎಂದು ಸಂಘವೇ ಬರೆದುಬಿಟ್ಟರೆ, ಒಂದೇ ಕೆಲಸಕ್ಕೆ ಎರಡು ದರ ಇರುವುದನ್ನು ಸಂಘವೇ ಒಪ್ಪಿದಂತೆ ಆಗುತ್ತದೆ. ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂಬ ಕಾನೂನು 1976ರಲ್ಲೇ ಬಂದಿದೆ. ಈಗ ಅದು ವೇತನ ಸಂಹಿತೆಯೊಳಗಿದೆ (ಹಳೆ ಕಾರ್ಮಿಕ ಕಾನೂನುಗಳ ಜಾಗಕ್ಕೆ ಬಂದ ಹೊಸ ಸಂಹಿತೆಗಳಲ್ಲಿ ಒಂದು, ಹಂತ 5 ನೋಡಿ).

ಕಾಫಿ ಕೊಯ್ಲಿಗೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬರುವವರನ್ನು "ಹೊರಗಿನೋರು" ಎನ್ನುವುದು, "ಬಾಂಗ್ಲಾದವರು" ಎಂದು ಸುಮ್ನೆ ಹಣೆಪಟ್ಟಿ ಹಚ್ಚುವುದು ಮಲೆನಾಡಿನಲ್ಲಿ ರೂಢಿಯಾಗಿಬಿಟ್ಟಿದೆ. ಸಂಘದ ಬರವಣಿಗೆಯಲ್ಲಿ ಇದಕ್ಕೆ ಜಾಗವೇ ಇರಬಾರದು. "ವಲಸೆ ಕಾರ್ಮಿಕರು" ಎಂದು ಬರೆಯಿರಿ. ಯಾವ ರಾಜ್ಯದವರು ಎನ್ನುವುದು ವಿಷಯಕ್ಕೆ ಬೇಕಿದ್ದರೆ ಮಾತ್ರ ಹೇಳಿ. ಜಾತಿಯ ವಿಷಯಕ್ಕೂ ಇದೇ ಅಳತೆ.

ನಗರ ಸ್ವಚ್ಛ ಮಾಡುವವರು ಪೌರಕಾರ್ಮಿಕರು. ಕಸದ ಗಾಡಿಯ ಚಾಲಕರನ್ನೂ ಲೋಡರ್‌ಗಳನ್ನೂ ಆಡಳಿತ ಬೇರೆ ಗುಂಪಾಗಿ ಲೆಕ್ಕ ಹಿಡಿಯುತ್ತದೆ. ಹಾಗಾಗಿ ಬೇಡಿಕೆ ಅವರಿಗೂ ಸೇರಿದ್ದರೆ ಹೆಸರಿಸಿಯೇ ಬರೆಯಿರಿ. "ಪೌರಕಾರ್ಮಿಕರು ಇತ್ಯಾದಿ" ಎಂದು ಬರೆದರೆ ಆ "ಇತ್ಯಾದಿ"ಯಲ್ಲಿದ್ದವರಿಗೆ ಏನೂ ಸಿಗುವುದಿಲ್ಲ. ಅಂಗನವಾಡಿಯಲ್ಲೂ ಹಾಗೇ. ಕಾರ್ಯಕರ್ತೆ ಬೇರೆ, ಸಹಾಯಕಿ ಬೇರೆ, ಇಬ್ಬರನ್ನೂ ಬರೆಯಿರಿ. ಸರ್ಕಾರದ ಆದೇಶದಲ್ಲಿ ಅವರ ಹಣಕ್ಕೆ "ಗೌರವಧನ" ಎಂದಿರುತ್ತದೆ. ಆದೇಶ ಉಲ್ಲೇಖಿಸುವಾಗ ಅದನ್ನೇ ಬಳಸಿ, ಹಿಂಜರಿಕೆ ಬೇಡ. ಆ ಹೆಸರಿದ್ದ ಮಾತ್ರಕ್ಕೆ ಹಕ್ಕು ಕಳೆದುಹೋಗುವುದಿಲ್ಲ. ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಟಿ ಕಾಯ್ದೆ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. (ಗ್ರಾಚ್ಯುಟಿ ಎಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಬರುವ ಇಡಿಗಂಟು.)

ಇನ್ನು ಎದುರು ಪಕ್ಷ. "ಧಣಿ", "ದೊರೆ", "ಸಾಹುಕಾರ್ರು" ಬೇಡ. ಹಾಗಂತ "ರಕ್ತ ಹೀರುವವರು" ಕೂಡ ಬೇಡ. "ಆಡಳಿತ ವರ್ಗ" ಅಥವಾ "ಮಾಲೀಕರು", ಎರಡರಲ್ಲಿ ಒಂದನ್ನು ಆರಿಸಿ. ಏಕವಚನ ಯಾರಿಗೂ ಬೇಡ, ಮ್ಯಾನೇಜರಿಗೂ ಬೇಡ, ರೈಟರಿಗೂ (ತೋಟದ ಗುಮಾಸ್ತರಿಗೂ) ಬೇಡ. ಘೋಷಣೆಯಲ್ಲಿ ಕೂಗಿದ ಮಾತು ಗಾಳಿಗೆ ಹೋಗುತ್ತದೆ. ಕಾಗದದಲ್ಲಿ ಬರೆದದ್ದು ಫೈಲಿನಲ್ಲಿ ಕೂರುತ್ತದೆ.

ಹಂತ 4: ದಿನಾಂಕ, ಹೊತ್ತು, ಹಣ

ಅತಿ ಹೆಚ್ಚು ಎಡವಟ್ಟು ಆಗುವುದು ಇಲ್ಲಿ. ನಿಧಾನವಾಗಿ ಓದಿ.

ದಿನಾಂಕದಲ್ಲಿ ತಿಂಗಳ ಹೆಸರು ಅಕ್ಷರದಲ್ಲಿರಲಿ, ಇಸವಿ ಇರಲಿ, ವಾರ ಇರಲಿ: "2026ರ ಮೇ 4, ಸೋಮವಾರ". ವಾರ ಬರೆದ ಮೇಲೆ ಕ್ಯಾಲೆಂಡರ್ ನೋಡಿ ತಾಳೆ ಮಾಡಿ. "ನಾಳೆ", "ಬರೋ ಸೋಮವಾರ" ಎಂಬ ಮಾತು ವಾಟ್ಸಾಪ್‌ನಲ್ಲಿ ಪೂರ್ತಿ ನಿಷೇಧ. ಮೂಡಿಗೆರೆ, ಕಳಸದ ಕಡೆ ಎಷ್ಟೋ ಲೈನ್‌ಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಪೇಟೆಗೆ ಬಂದಾಗ ಸಂದೇಶಗಳು ಒಟ್ಟಿಗೆ ಬೀಳುತ್ತವೆ. ಮೂರು ದಿನ ಹಳೆಯ "ನಾಳೆ"ಯನ್ನು ನಂಬಿಕೊಂಡು ಕೆಲಸ ಬಿಟ್ಟು ಬಂದವರಿಗೆ ಆ ದಿನದ ಕೂಲಿ ಯಾರು ಕೊಡುತ್ತಾರೆ?

ಪಾಳಿ ಇರುವ ಕಾರ್ಖಾನೆಯಲ್ಲಿ "ರಾತ್ರಿ 12" ಎಂದು ಬರೆಯಲೇಬೇಡಿ. ಯಾವ ದಿನದ ರಾತ್ರಿ ಎಂದು ಗೊತ್ತಾಗುವುದಿಲ್ಲ. "ಮೇ 4ರ ರಾತ್ರಿ 10ರಿಂದ ಮೇ 5ರ ಬೆಳಗ್ಗೆ 6ರವರೆಗೆ" ಎಂದು ಎರಡೂ ತುದಿ ಬರೆಯಿರಿ. "10ರವರೆಗೆ" ಎನ್ನುವಾಗ ಆ ದಿನವೂ ಸೇರಿದೆಯೇ ಎಂದು ಹೇಳಿ: "ಮೇ 10ರವರೆಗೆ, ಆ ದಿನವೂ ಸೇರಿ".

ಹಣಕ್ಕೆ "ರೂ." ಅಥವಾ "₹", ಯಾವುದಾದರೂ ಒಂದು. ಕೊನೆಯಲ್ಲಿ ಗೀರು, ಅಡ್ಡಗೆರೆ (/-) ಬೇಡ. ಅಲ್ಪವಿರಾಮ ನಮ್ಮ ಲೆಕ್ಕದಂತೆ: 1,50,000. ರಸೀದಿಯಲ್ಲಿ, ಒಪ್ಪಂದದಲ್ಲಿ ಮೊತ್ತವನ್ನು ಅಕ್ಷರದಲ್ಲೂ ಬರೆಯಿರಿ.

ಶೇಕಡಾವಾರಿಗೆ "ಶೇ 8.33" ಸಾಕು. "ಶೇ. 8.33%" ಎಂದರೆ ಒಂದೇ ಮಾತನ್ನು ಎರಡು ಸಲ ಹೇಳಿದ ಹಾಗೆ. ಬೋನಸ್ಸಿನ ಕೆಳಮಿತಿ ಶೇ 8.33, ಮೇಲ್ಮಿತಿ ಶೇ 20. ಬೇಡಿಕೆಯಲ್ಲಿ "ಬೋನಸ್ಸನ್ನು ಶೇ 10ರಷ್ಟು ಹೆಚ್ಚಿಸಬೇಕು" ಎಂದು ಬರೆದರೆ ಎರಡು ಅರ್ಥ ಬರುತ್ತದೆ. ಶೇ 8.33 ಇರುವುದನ್ನು ಶೇ 18.33 ಮಾಡಬೇಕೋ, ಅಥವಾ ಈಗ ಸಿಗುವ ಮೊತ್ತದ ಮೇಲೆ ಹತ್ತನೇ ಒಂದು ಭಾಗ ಸೇರಿಸಬೇಕೋ? ಆಡಳಿತ ವರ್ಗ ತನಗೆ ಅಗ್ಗವಾದ ಅರ್ಥವನ್ನೇ ಹಿಡಿಯುತ್ತದೆ. "ಶೇ 8.33ರಿಂದ ಶೇ 15ಕ್ಕೆ ಏರಿಸಬೇಕು" ಎಂದು "ಇಂದ", "ಕ್ಕೆ" ಎರಡೂ ಇಟ್ಟು ಬರೆಯಿರಿ.

"ಪಟ್ಟು" ಕೂಡ ಇಂಥದ್ದೇ. ಓಟಿಗೆ, ಅಂದರೆ ಹೆಚ್ಚುವರಿ ಅವಧಿಯ ದುಡಿಮೆಗೆ, ಕಾನೂನು ಹೇಳುವುದು ಮಾಮೂಲಿ ದರದ ಎರಡು ಪಟ್ಟು. "ಎರಡು ಪಟ್ಟು ಜಾಸ್ತಿ" ಎಂದು ಬರೆದರೆ ಕೆಲವರು ಮೂರು ಪಟ್ಟು ಎಂದು ಓದುತ್ತಾರೆ. "ಜಾಸ್ತಿ" ತೆಗೆಯಿರಿ.

ಲೆಕ್ಕ ಇರುವ ಕಡೆ ಬರೀ ಉತ್ತರ ಕೊಡಬೇಡಿ, ಲೆಕ್ಕವನ್ನೇ ಬರೆಯಿರಿ. ಗ್ರಾಚ್ಯುಟಿ ಕೇಳುವ ಪತ್ರದಲ್ಲಿ ಹೀಗೆ:

"ಕೊನೆಯ ತಿಂಗಳ ಸಂಬಳ ರೂ. 13,000. ಒಂದು ದಿನದ ಸಂಬಳ 13,000 ÷ 26 = ರೂ. 500. ವರ್ಷಕ್ಕೆ 15 ದಿನದಂತೆ ರೂ. 7,500. ಸೇವೆ 10 ವರ್ಷ. ಒಟ್ಟು ರೂ. 75,000."

ಹೀಗಿದ್ದರೆ ಸದಸ್ಯರು ಮುಂದಿನ ಸಲ ತಾವೇ ಲೆಕ್ಕ ಹಾಕುತ್ತಾರೆ. ಅಧಿಕಾರಿಗೂ ಎಲ್ಲಿ ತಕರಾರು ಎಂದು ತಕ್ಷಣ ಗೊತ್ತಾಗುತ್ತದೆ.

ಕಾಫಿ ಕೊಯ್ಲಿನಲ್ಲಿ ದರ ಹೇಳುವಾಗ ಯಾವುದರ ದರ ಎಂದು ಹೇಳಿ. ದಿನದ ಕೂಲಿಯೋ, ಕೆ.ಜಿ. ಹಣ್ಣಿನ ದರವೋ? ದಿನಕ್ಕೆ ಇಷ್ಟು ಕೆ.ಜಿ. ಎಂಬ ನಿಗದಿ ದಾಟಿದ ಮೇಲೆ ಸಿಗುವ ಹೆಚ್ಚುವರಿಯೋ? ಅರೇಬಿಕಾವೋ ರೋಬಸ್ಟಾವೋ? ತೂಕದಲ್ಲಿ ಕಡಿತ ಹಿಡಿಯುತ್ತಾರಾ? ಇವನ್ನು ಬಿಟ್ಟು "ಕೊಯ್ಲು ದರ ಏರಿಸಿ" ಎಂದರೆ ಯಾವುದನ್ನು ಏರಿಸಬೇಕು ಎಂದು ಮಾಲೀಕರೇ ಆರಿಸಿಕೊಳ್ಳುತ್ತಾರೆ.

ಇನ್ನೊಂದು ಹೊಂಡ: ಹಳೆ ದರ. ರಾಜ್ಯದಲ್ಲಿ ಕನಿಷ್ಠ ಕೂಲಿಯ ಜೊತೆಗಿನ ತುಟ್ಟಿಭತ್ಯೆ (ಬೆಲೆ ಏರಿಕೆಗೆ ತಕ್ಕಂತೆ ಸೇರುವ ಮೊತ್ತ) ಪ್ರತಿ ವರ್ಷ ಏಪ್ರಿಲ್ 1ರಿಂದ ಬದಲಾಗುತ್ತದೆ. ಕರಪತ್ರದಲ್ಲಿ ದರ ಬರೆದರೆ ಪಕ್ಕದಲ್ಲೇ "ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ" ಎಂದು ಹಾಕಿ.

ಹಂತ 5: ಕಾನೂನಿನ ಪದಗಳು

ಮುಷ್ಕರ ಎಂದರೆ ಕಾರ್ಮಿಕರು ಒಟ್ಟಾಗಿ ಕೆಲಸ ನಿಲ್ಲಿಸುವುದು. ಧರಣಿ ಎಂದರೆ ಕೂತು ಪ್ರತಿಭಟಿಸುವುದು, ಅದು ಪಾಳಿ ಮುಗಿದ ಮೇಲೂ ಆಗಬಹುದು. ಬೀಗಮುದ್ರೆ ಅಥವಾ ಲಾಕೌಟ್ ಎಂದರೆ ಮಾಲೀಕರು ಬಾಗಿಲು ಹಾಕುವುದು. ಲೇಆಫ್ ಎಂದರೆ ಕಚ್ಚಾ ಮಾಲು, ವಿದ್ಯುತ್ತಿನಂಥ ಕಾರಣಕ್ಕೆ ತಾತ್ಕಾಲಿಕವಾಗಿ ಕೆಲಸ ಕೊಡದಿರುವುದು, ನೌಕರಿ ಉಳಿದಿರುತ್ತದೆ. ಅಮಾನತು ಎಂದರೆ ವಿಚಾರಣೆ ಮುಗಿಯುವವರೆಗೆ ಹೊರಗಿಡುವುದು. ವಜಾ ಎಂದರೆ ನೌಕರಿಯೇ ಹೋಯಿತು. ಅಮಾನತಾದವರ ಬಗ್ಗೆ "ಕೆಲಸದಿಂದ ತೆಗೆದಿದ್ದಾರೆ" ಎಂದು ಗ್ರೂಪಿಗೆ ಹಾಕಿದರೆ ಆ ಮನೆಯಲ್ಲಿ ಆ ರಾತ್ರಿ ಒಲೆ ಹೊತ್ತುವುದಿಲ್ಲ. ಪತ್ರದಲ್ಲಿ ಏನಿದೆಯೋ ಅದನ್ನೇ ಬರೆಯಿರಿ.

"ಬಂದ್" ಎಂದು ಕರೆ ಕೊಡಬೇಡಿ. ಬಂದ್ ಕಾನೂನುಬಾಹಿರ ಎಂದು ಕೇರಳ ಹೈಕೋರ್ಟ್ 1997ರಲ್ಲಿ ಹೇಳಿತು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ನೀವು ಮಾಡಹೊರಟಿರುವುದು ಮುಷ್ಕರವಾದರೆ ಮುಷ್ಕರ ಎನ್ನಿ, ಮೆರವಣಿಗೆಯಾದರೆ ಮೆರವಣಿಗೆ ಎನ್ನಿ.

ಈಗ ಎಲ್ಲರೂ ಗಮನಿಸಬೇಕಾದ ಬದಲಾವಣೆ. ಹಳೆಯ 29 ಕಾರ್ಮಿಕ ಕಾನೂನುಗಳ ಜಾಗಕ್ಕೆ ಬಂದ ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಯಲ್ಲಿವೆ. 1926ರ ಕಾರ್ಮಿಕ ಸಂಘಗಳ ಕಾಯ್ದೆ, 1947ರ ಕೈಗಾರಿಕಾ ವಿವಾದಗಳ ಕಾಯ್ದೆ, 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಎಲ್ಲವೂ ಇವುಗಳೊಳಗೆ ಸೇರಿವೆ. ಹಳೆ ಮನವಿಯ ಪ್ರತಿ ತೆಗೆದು ದಿನಾಂಕ ಮಾತ್ರ ಬದಲಿಸಿ ಕೊಡುವ ಅಭ್ಯಾಸ ಇದ್ದರೆ ಈಗಲೇ ಬಿಡಿ. ತಕರಾರು ಯಾವ ದಿನದ್ದು ಎಂದು ನೋಡಿ, ಯಾವ ಕಾನೂನು ಹಾಕಬೇಕೆಂದು ವಕೀಲರನ್ನು ಕೇಳಿ ಬರೆಯಿರಿ. ಕಲಂ ಸಂಖ್ಯೆ ಗೊತ್ತಿಲ್ಲದಿದ್ದರೆ ಹಾಕಲೇಬೇಡಿ. ತಪ್ಪು ಕಲಂಗಿಂತ ಕಲಂ ಇಲ್ಲದ ಪತ್ರ ವಾಸಿ.

ಕೈಗಾರಿಕಾ ಸಂಬಂಧಗಳ ಸಂಹಿತೆಯ ಎರಡು ಅಂಶ ನಿಮ್ಮ ಬರವಣಿಗೆಗೆ ನೇರವಾಗಿ ತಾಗುತ್ತವೆ. ಒಂದು, ಮುಷ್ಕರಕ್ಕೆ ಮುಂಚೆ ನೋಟಿಸ್ ಕೊಡಬೇಕು, ಕೊಟ್ಟ ಮೇಲೆ 14 ದಿನ ಮುಷ್ಕರ ಹೂಡುವಂತಿಲ್ಲ. ನೋಟಿಸ್ 60 ದಿನಗಳವರೆಗೆ ಲೆಕ್ಕಕ್ಕೆ ಬರುತ್ತದೆ. ಸಂಧಾನ ನಡೆಯುತ್ತಿದ್ದರೆ ಅಷ್ಟು ಕಾಲ, ಮುಗಿದ ಮೇಲೆ ಇನ್ನೂ 7 ದಿನ ಮುಷ್ಕರ ಇಲ್ಲ. ಹಾಗಾಗಿ ನೋಟಿಸ್ ತಲುಪಿದ ದಿನ ಯಾವುದು ಎನ್ನುವುದಕ್ಕೆ ಸೀಲು ಬೇಕೇ ಬೇಕು. ಎರಡು, ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರು ಒಂದೇ ದಿನ ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. "ಮುಷ್ಕರ ಬೇಡ, ಎಲ್ಲರೂ ಸೋಮವಾರ ರಜೆ ಹಾಕೋಣ" ಎಂದು ಗ್ರೂಪಿನಲ್ಲಿ ಉತ್ಸಾಹದಿಂದ ಬರೆಯುವವರು ಇರುತ್ತಾರಲ್ಲ, ಅವರಿಗೆ ಇದನ್ನು ಮೊದಲು ಓದಿಸಿ. ಆ ಒಂದು ಸಾಲೇ ನೋಟಿಸ್ ಇಲ್ಲದೆ ಮುಷ್ಕರಕ್ಕೆ ಕರೆ ಕೊಟ್ಟದ್ದಕ್ಕೆ ಸಾಕ್ಷಿಯಾಗುತ್ತದೆ.

ಹಂತ 6: ಸಿಟ್ಟನ್ನು ವಾಕ್ಯವಾಗಿಸುವುದು

ಕರಪತ್ರ ಬಿಸಿಯಾಗಿರಬೇಕು, ನಿಜ. ಬಿಸಿ ಬೈಗುಳದಿಂದ ಬರಬೇಕಾಗಿಲ್ಲ. ಒಂದು ಉದಾಹರಣೆ ನೋಡಿ.

ಮೊದಲ ಕರಡು: "ಕಳ್ಳ ಮ್ಯಾನೇಜರ್ ನಮ್ಮ ಪಿಎಫ್ ಹಣ ನುಂಗಿ ನೀರು ಕುಡಿದಿದ್ದಾನೆ!"

ತಿದ್ದಿದ್ದು: "2025ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಆರು ತಿಂಗಳು ನಮ್ಮ ಕೂಲಿಯಿಂದ ಪಿಎಫ್ ಹಿಡಿದಿದ್ದಾರೆ. ಕೂಲಿ ಚೀಟಿಯಲ್ಲಿ ಇದೆ. ಪಿಎಫ್ ಪಾಸ್‌ಬುಕ್‌ನಲ್ಲಿ ಆ ಆರು ತಿಂಗಳು ಖಾಲಿ ಇದೆ. ಹಣ ಎಲ್ಲಿ? ಆಡಳಿತ ವರ್ಗ ಬರೆದು ಉತ್ತರ ಕೊಡಲಿ."

ಎರಡನೆಯದಕ್ಕೆ ಆಡಳಿತ ವರ್ಗ ಉತ್ತರ ಕೊಡಲೇಬೇಕು. ಮೊದಲನೆಯದಕ್ಕೆ ಮ್ಯಾನೇಜರ್ ಮಾನನಷ್ಟದ ದೂರು ಕೊಡಬಹುದು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಪ್ರಕಾರ ಅದಕ್ಕೆ ಎರಡು ವರ್ಷದವರೆಗೆ ಸಜೆ ಆಗಬಹುದು. ಆಮೇಲೆ ಪಿಎಫ್ ವಿಷಯ ಮೂಲೆಗೆ ಹೋಗಿ ಸಂಘದ ಕಾರ್ಯದರ್ಶಿ ಕೋರ್ಟು ಸುತ್ತುವುದೇ ಕೆಲಸವಾಗುತ್ತದೆ.

ಪಾಲಿಸಬೇಕಾದ್ದು ಇಷ್ಟೇ: ಕಂಡದ್ದು, ದಾಖಲೆ ಇರುವುದು, ಕೇಳಿದ್ದು ಈ ಮೂರನ್ನು ಬೇರೆ ಬೇರೆ ವಾಕ್ಯದಲ್ಲಿಡಿ. ಬರೀ ಕೇಳಿದ್ದಾದರೆ "ಕಾರ್ಮಿಕರು ಹೇಳುತ್ತಾರೆ" ಎಂದು ಬರೆಯಿರಿ. ಎಷ್ಟು ಜನ ಹೇಳಿದರು ಎಂದೂ ಗುರುತು ಮಾಡಿಟ್ಟುಕೊಳ್ಳಿ.

ಲೈಂಗಿಕ ಕಿರುಕುಳದ ದೂರು ಇದ್ದಾಗ ದೂರು ಕೊಟ್ಟ ಮಹಿಳೆಯ ಹೆಸರು ಎಲ್ಲೂ ಬರಬಾರದು. 2013ರ ಕಾಯ್ದೆ ಇದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಹೆಸರು ಬಿಟ್ಟು "ಇಂಥ ಲೈನಿನ, ಇಂಥ ಮೇಸ್ತ್ರಿಯ ಗುಂಪಿನ ಮಹಿಳೆ" ಎಂದರೂ ಗುರುತು ಸಿಕ್ಕಿಬಿಡುತ್ತದೆ, ಅಲ್ವಾ? ಅದೂ ಬೇಡ. ಆಧಾರ್, ಬ್ಯಾಂಕ್ ಖಾತೆ, ಪಿಎಫ್ ಸಂಖ್ಯೆಗಳ ಪಟ್ಟಿಯ ಫೋಟೋ ತೆಗೆದು ಗ್ರೂಪಿಗೆ ಹಾಕುವುದನ್ನೂ ಇವತ್ತೇ ನಿಲ್ಲಿಸಿ.

ಹಂತ 7: ಕಚೇರಿ ಕನ್ನಡವನ್ನು ಸಡಿಲಿಸಿ

"ಈ ಮೂಲಕ ತಮ್ಮಲ್ಲಿ ಕಳಕಳಿಯಿಂದ ವಿನಂತಿಸಿಕೊಳ್ಳುವುದೇನೆಂದರೆ" ಎಂದು ಶುರು ಮಾಡಿದರೆ ಮೊದಲ ಸಾಲು ಮುಗಿಯುವಷ್ಟರಲ್ಲಿ ಓದುವವರು ಸುಸ್ತು. ಮನವಿಯ ಮೊದಲ ವಾಕ್ಯದಲ್ಲೇ ಬೇಡಿಕೆ ಇರಲಿ: "ನಮ್ಮ ತೋಟದ 42 ಕಾರ್ಮಿಕರಿಗೆ ಮಾರ್ಚ್ ತಿಂಗಳ ಕೂಲಿ ಬಂದಿಲ್ಲ. ಕೊಡಿಸಿ." ಗೌರವ ಕೊಡಲು "ಮಾನ್ಯರೇ" ಒಂದು ಸಾಕು.

ನಡಾವಳಿಯಲ್ಲಿ "ತೀರ್ಮಾನಿಸಲಾಯಿತು", "ಕ್ರಮ ಕೈಗೊಳ್ಳಲಾಗುವುದು" ಎಂಬ ವಾಕ್ಯಗಳಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ. ಯಾರು, ಏನನ್ನು, ಯಾವ ದಿನದೊಳಗೆ? "ಜೂನ್ 10ರೊಳಗೆ ಖಜಾಂಚಿ ಲೆಕ್ಕಪತ್ರವನ್ನು ಸಮಿತಿಗೆ ಕೊಡಬೇಕು" ಎಂದು ಬರೆದರೆ ಮುಂದಿನ ಸಭೆಯಲ್ಲಿ ಕೇಳಲು ಹಿಡಿತ ಸಿಗುತ್ತದೆ. ವಿರೋಧ ಹೇಳಿದವರಿದ್ದರೆ ಅದನ್ನೂ ಬರೆಯಿರಿ. "ಸರ್ವಾನುಮತದಿಂದ" ಎಂಬ ಪದವನ್ನು ಎಲ್ಲರೂ ನಿಜಕ್ಕೂ ಒಪ್ಪಿದಾಗ ಮಾತ್ರ ಬಳಸಿ. ಅನೇಕ ಸಂಘಗಳು ಒಡೆದಿರುವುದು ಸುಳ್ಳು ಸರ್ವಾನುಮತದಿಂದ ಅಂತ ನನಗೆ ಬಲವಾದ ಗುಮಾನಿ.

ಇಂಗ್ಲಿಷ್ ಪದ ಬಂದರೆ ಬರಲಿ. ಬೋನಸ್, ಪಿಎಫ್, ಓಟಿ, ಶಿಫ್ಟ್ ಇವಕ್ಕೆ ಕಷ್ಟಪಟ್ಟು ಕನ್ನಡ ಹುಡುಕುವುದು ಬೇಡ. ಆದರೆ ಕನ್ನಡದ ವಿಭಕ್ತಿ ಸೇರಿಸುವಾಗ ಬಾಯಲ್ಲಿ ಬರುವ ಹಾಗೇ ಬರೆಯಿರಿ: ಎಸ್ಟೇಟಿನಲ್ಲಿ, ಆಫೀಸಿಗೆ, ಬೋನಸ್ಸನ್ನು. ಹೀಗೆ ಬರೆದರೆ "ಎಸ್ಟೇಟ್ನಲ್ಲಿ" ಎಂದು ಒತ್ತಕ್ಷರ ವಿಚಿತ್ರವಾಗಿ ಅಂಟಿಕೊಳ್ಳುವ ತೊಂದರೆಯೂ ತಪ್ಪುತ್ತದೆ.

ವಲಸೆ ಕಾರ್ಮಿಕರಿಗೆ, ತಮಿಳು ಮಾತಾಡುವ ತೋಟದ ಕುಟುಂಬಗಳಿಗೆ ಬೇರೆ ಹಾಳೆ ಮಾಡಿ. ಒಂದೇ ಹಾಳೆಯಲ್ಲಿ ಮೂರು ಭಾಷೆ ಬೆರೆಸಿದರೆ ಯಾರೂ ಪೂರ್ತಿ ಓದುವುದಿಲ್ಲ. ಓದಲು ಬಾರದವರಿಗೆ ಆಡಿಯೊ ಸಂದೇಶ ಕಳಿಸಿ, ಆದರೆ ಬರೆದದ್ದನ್ನೇ ಓದಿ ರೆಕಾರ್ಡ್ ಮಾಡಿ. ಬಾಯಿಗೆ ಬಂದದ್ದು ಬೇಡ.

ಹಂತ 8: ಅಕ್ಷರ ಮತ್ತು ಅಚ್ಚು

ಡಿಟಿಪಿ ಅಂಗಡಿಯಲ್ಲಿ ಇವತ್ತಿಗೂ ಹಳೆ ನುಡಿ, ಶ್ರೀಲಿಪಿ ಫಾಂಟುಗಳು ನಡೆಯುತ್ತವೆ. ಅದರಲ್ಲಿ ಟೈಪ್ ಮಾಡಿದ್ದನ್ನು ನೇರ ವಾಟ್ಸಾಪ್‌ಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಸಂಘದ ಎಲ್ಲ ಬರಹ ಯೂನಿಕೋಡ್‌ನಲ್ಲಿರಲಿ (ಎಲ್ಲ ಫೋನು, ಕಂಪ್ಯೂಟರಿನಲ್ಲಿ ಒಂದೇ ಥರ ಕಾಣುವ ಅಕ್ಷರ ವ್ಯವಸ್ಥೆ). ಅಂಗಡಿಯವರು ತಮ್ಮ ಫಾಂಟಿಗೆ ಬದಲಿಸಿಕೊಳ್ಳುತ್ತಾರೆ. ಬದಲಿಸುವಾಗ ಅರ್ಕಾವತ್ತು, ಒತ್ತಕ್ಷರ ಹಾಳಾಗುವುದುಂಟು. ಹಾಗಾಗಿ ಅಚ್ಚಿಗೆ ಮುಂಚಿನ ಪ್ರತಿಯಲ್ಲಿ "ಕಾರ್ಮಿಕ", "ಮುಷ್ಕರ", "ಕಾರ್ಯದರ್ಶಿ" ಈ ಮೂರನ್ನು ಮೊದಲು ನೋಡಿ. ಇವು ಸರಿಯಿದ್ದರೆ ಉಳಿದದ್ದು ಬಹುಪಾಲು ಸರಿಯಿರುತ್ತದೆ. ಅಂಕಿಗಳನ್ನು ಮಾತ್ರ ಒಂದೊಂದಾಗಿ ಮೂಲದ ಜೊತೆ ತಾಳೆ ಹಾಕಬೇಕು.

ಬ್ಯಾನರಿಗೆ ಬಟ್ಟೆ ಬಳಸಿ. ಪ್ಲಾಸ್ಟಿಕ್ ಫ್ಲೆಕ್ಸ್ ರಾಜ್ಯದಲ್ಲಿ 2016ರಿಂದ ನಿಷೇಧವಾಗಿದೆ. ಕಂಡ ಗೋಡೆಗೆಲ್ಲ ಪೋಸ್ಟರ್ ಅಂಟಿಸುವುದಕ್ಕೂ 1981ರ ಕಾಯ್ದೆಯ ತಡೆಯಿದೆ. ಬ್ಯಾನರಿನಲ್ಲಿ ಏಳೆಂಟು ಪದಕ್ಕಿಂತ ಹೆಚ್ಚು ಬೇಡ.

ಹಂತ 9: ಹೊರಗೆ ಹೋಗುವ ಮುಂಚೆ

ಬರೆದವರೇ ತಿದ್ದಬಾರದು. ಇನ್ನೊಬ್ಬರು ಗಟ್ಟಿಯಾಗಿ ಓದಬೇಕು, ಮೂರನೆಯವರು ಕೇಳಬೇಕು. ಕೇಳಿದವರು "ಇನ್ನೊಂದ್ಸಲ ಹೇಳಿ" ಎಂದ ವಾಕ್ಯವನ್ನು ಒಡೆಯಿರಿ. ಓದುವಾಗ ಉಸಿರು ಸಿಕ್ಕಿಹಾಕಿಕೊಂಡ ವಾಕ್ಯವನ್ನೂ ಒಡೆಯಿರಿ.

ಆಮೇಲೆ ಲೆಕ್ಕ ಗೊತ್ತಿರುವವರು ಅಂಕಿಗಳನ್ನಷ್ಟೇ ನೋಡಬೇಕು. "ಸುಮಾರು 237 ಜನ" ಎಂಬಂಥದ್ದು ಇಲ್ಲಿ ಸಿಕ್ಕಿಬೀಳುತ್ತದೆ. ಎಣಿಸಿದ್ದರೆ 237, ಎಣಿಸದಿದ್ದರೆ "ಇನ್ನೂರಕ್ಕೂ ಹೆಚ್ಚು". ಪ್ರತಿಭಟನೆಗೆ ಬಂದವರ ಸಂಖ್ಯೆಯನ್ನು ಪತ್ರಿಕಾ ಪ್ರಕಟಣೆಯಲ್ಲಿ ಉಬ್ಬಿಸಬೇಡಿ. ವರದಿಗಾರರೂ ಅಲ್ಲೇ ನಿಂತಿರುತ್ತಾರೆ.

ಕೊನೆಗೆ ಸಹಿ. ಮುಷ್ಕರ ನೋಟಿಸ್, ಬೇಡಿಕೆ ಪಟ್ಟಿ, ಒಪ್ಪಂದ ಈ ಮೂರಕ್ಕೆ ಅಧ್ಯಕ್ಷರು, ಪ್ರಧಾನ ಕಾರ್ಯದರ್ಶಿ ಇಬ್ಬರೂ ಸಹಿ ಹಾಕಲಿ. ಗ್ರೂಪಿನಲ್ಲಿ ಸಂಘದ ಪರವಾಗಿ ಸಂದೇಶ ಹಾಕುವವರು ಇಬ್ಬರಿಗಿಂತ ಹೆಚ್ಚು ಬೇಡ. ಅವರ ಸಂದೇಶದ ಕೆಳಗೆ ಹೆಸರು, ಹುದ್ದೆ, ದಿನಾಂಕ ಇರಲೇಬೇಕು. ಇಲ್ಲದಿದ್ದರೆ ಅದು ಸಂಘದ ಮಾತಲ್ಲ ಎಂದು ಸದಸ್ಯರಿಗೆ ಮೊದಲೇ ಹೇಳಿಡಿ. ಮುಷ್ಕರದ ಹೊತ್ತಿನಲ್ಲಿ ಹಬ್ಬುವ ಸುಳ್ಳು ಸುದ್ದಿಗೆ ಇದಕ್ಕಿಂತ ಅಗ್ಗದ ಮದ್ದಿಲ್ಲ.

ಸಂದೇಶದಲ್ಲಿ ತಪ್ಪಾಗಿದ್ದರೆ ಸದ್ದಿಲ್ಲದೆ ಅಳಿಸಬೇಡಿ. "ತಿದ್ದುಪಡಿ" ಎಂದು ಮೇಲೆ ಬರೆದು, ಹಿಂದೆ ಏನಿತ್ತು, ಈಗ ಏನು ಎಂದು ಹೇಳಿ. ಅಳಿಸಿದ್ದರ ಸ್ಕ್ರೀನ್‌ಶಾಟ್ ಹೇಗೂ ಯಾರದೋ ಫೋನಿನಲ್ಲಿ ಇರುತ್ತದೆ.

ಹಂತ 10: ನಿಯಮದ ಪುಸ್ತಕ ಎಷ್ಟು ದೊಡ್ಡದಿರಬೇಕು?

ನಾಲ್ಕು ಪುಟ. ಅದಕ್ಕಿಂತ ದಪ್ಪವಾದರೆ ಯಾರೂ ತೆರೆಯುವುದಿಲ್ಲ. ಮೊದಲ ಪುಟದಲ್ಲಿ ಹೆಸರುಗಳ ಪಟ್ಟಿ, ಎರಡನೆಯದರಲ್ಲಿ ಬಳಸುವ ಮತ್ತು ಬಳಸದ ಪದಗಳು, ಮೂರನೆಯದರಲ್ಲಿ ದಿನಾಂಕ ಹಾಗೂ ಹಣದ ಮಾದರಿ, ನಾಲ್ಕನೆಯದರಲ್ಲಿ ಯಾರು ನೋಡಬೇಕು, ಯಾರು ಸಹಿ ಹಾಕಬೇಕು ಎಂಬ ವಿವರ. ಮೇಲೆ "ಇಂಥ ದಿನದ ಸಮಿತಿ ಸಭೆಯಲ್ಲಿ ಒಪ್ಪಿದ್ದು" ಎಂದು ದಿನಾಂಕ ಹಾಕಿ. ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ ಹೊಸ ತುಟ್ಟಿಭತ್ಯೆ ಬಂದ ಮೇಲೆ, ಇದನ್ನೂ ತೆಗೆದು ನೋಡಿ. ಒಂದು ಪ್ರತಿ ಕಾರ್ಯದರ್ಶಿಯ ಬಳಿ, ಒಂದು ನೀವು ಖಾಯಂ ಹೋಗುವ ಡಿಟಿಪಿ ಅಂಗಡಿಯಲ್ಲಿ, ಇನ್ನೊಂದರ ಫೋಟೋ ಗ್ರೂಪಿನ ಮೇಲ್ಭಾಗದಲ್ಲಿ ಪಿನ್ ಆಗಿರಲಿ. ಪದಾಧಿಕಾರಿಗಳು ಬದಲಾದಾಗ ಸೀಲು, ರಸೀದಿ ಪುಸ್ತಕ, ನಡಾವಳಿ ಪುಸ್ತಕ ಹಸ್ತಾಂತರಿಸುವ ಪಟ್ಟಿಯಲ್ಲಿ ಇದನ್ನೂ ಒಂದು ಸಾಲಾಗಿ ಸೇರಿಸಿ.